ಕ್ಲೋವಿಸ್ ಪೆಟ್ವೇಯ ನಲವತ್ತು ಗಜ

ಬೆಳಗ್ಗೆ ಏಳೂವರೆಗೆ ಕ್ಲೋವಿಸ್ ಪೆಟ್ವೇ ಬಟ್ಟೆ ಒಗೆಯುವ ಕೋಣೆಯ ಬೀಗ ತೆಗೆಯಲು ಹೋದಾಗ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿತ್ತು. ಕನ್ನಡಕ ಹುಡುಕಿ, ಒರೆಸಿ, ಮೂಗಿನ ಮೇಲೆ ಕೂರಿಸುವಷ್ಟರಲ್ಲಿ ಐದು ನಿಮಿಷ ಹೋಯಿತು. ಓದಿದ ಮೇಲೆ, ಕನ್ನಡಕ ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ವೇಗವೇ ತಂಡ. ತಂಡವೆಂದರೆ ಎಲ್ಲರೂ. ಇಂದು ಸಂಜೆ ನಾಲ್ಕಕ್ಕೆ ಸಿಬ್ಬಂದಿಯೆಲ್ಲ ನಲವತ್ತು ಗಜ ಓಡತಕ್ಕದ್ದು. ಗಡಿಯಾರ ನೋಡಿ ಮುಂದಿನ ಕ್ರಮ ಕೈಗೊಳ್ಳಲಾಗುವುದು. ಕೋಚ್ ಟಾಲಿವರ್."

ಲೋರಿಂಗ್‌ಟನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಹಿಂದಿನ ವರ್ಷ ಹನ್ನೊಂದು ಆಟಗಳಲ್ಲಿ ಒಂಬತ್ತು ಸೋತಿತ್ತು. ಅಲಬಾಮಾದಲ್ಲಿ ಮಳೆ ಬಾರದಿದ್ದರೆ ಜನ ಸಹಿಸಿಕೊಳ್ಳುತ್ತಾರೆ, ಇದನ್ನು ಸಹಿಸುವುದಿಲ್ಲ. ಹಳೆಯ ಕೋಚ್ ಗಂಟುಮೂಟೆ ಕಟ್ಟಿದ. ಹೊಸಬ ಟಾಲಿವರ್ ಬಂದವನೇ ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಭಾಷಣ ಬಿಗಿದ: "ಇಲ್ಲಿ ಆಟಗಾರರು ನಿಧಾನ, ನೀರು ಕೊಡೋರು ನಿಧಾನ, ಒದೆಯೋ ಚೆಂಡಿನ ಮಣೆ ಎತ್ಕೊಂಡು ಬರೋನಂತೂ ಮದುವೆ ಮೆರವಣಿಗೆ!" ಅಂದಿನಿಂದ ಅವನು ಮನುಷ್ಯರ ಮುಖ ನೋಡಿದ್ದು ಕಡಿಮೆ. ಹುಡುಗ ಚೆಂಡು ಹಿಡಿದನೋ ಬಿಟ್ಟನೋ ಅವನಿಗೆ ಬೇಕಿಲ್ಲ. ಎಷ್ಟು ಸೆಕೆಂಡಿನಲ್ಲಿ ಬಿಟ್ಟ ಎಂಬುದಷ್ಟೇ ಬೇಕು.

ಆಟಗಾರರು ನಿಧಾನವಾದರೆ ಬಟ್ಟೆ ಒಗೆಯುವವನು ಯಾಕೆ ಓಡಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆದರೆ ಎಮ್ಮೆಯನ್ನು ಕೇಳಿ ಬರೆ ಹಾಕಿದವರು ಎಲ್ಲೂ ಇಲ್ಲ.

ಕ್ಲೋವಿಸ್‌ಗೆ ಐವತ್ತೆಂಟು. ಬಲಮಂಡಿ ಹವಾಮಾನ ಇಲಾಖೆಗಿಂತ ಮೊದಲೇ ಮಳೆ ಸುದ್ದಿ ಹೇಳುತ್ತಿತ್ತು. ಪಿಂಚಣಿಗೆ ಇನ್ನೂ ಇಪ್ಪತ್ತೆರಡು ತಿಂಗಳು. ಅಲ್ಲಿಯತನಕ ಅವನಿಗೆ ಬೇಕಾದದ್ದು ಒಂದೇ, ಎರಡು ಡ್ರೈಯರ್‌ಗಳ ನಡುವಿನ ತನ್ನ ಸ್ಟೂಲು. ಹಳೆಯ ಭುಜಕವಚಗಳ ಸ್ಪಂಜು ಕಿತ್ತು ಅದಕ್ಕೆ ತಾನೇ ಮೆತ್ತೆ ಹೊಲಿದಿದ್ದ. ಪಕ್ಕದಲ್ಲಿ ಫ್ಯಾನು, ರೇಡಿಯೊ. ಮೂವತ್ತೊಂದು ವರ್ಷದ ದುಡಿಮೆಯಲ್ಲಿ ಅವನು ಕಟ್ಟಿಕೊಂಡಿದ್ದ ರಾಜ್ಯ ಅಷ್ಟೇ.

ಆಫೀಸಿನ ವರ್ನಾ ಕಾಫಿ ಹಿಡಿದು ಒಳಗೆ ಬಂದಳು. ಊರಿನ ಸುದ್ದಿ ಊರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

"ಚೀಟಿ ನೋಡಿದ್ರಾ ಕ್ಲೋವಿಸ್?"

"ಕ್ರಮ ಅಂದ್ರೆ ಏನಮ್ಮಾ?"

"ಇನ್ನೇನು, ಆರು ಸೆಕೆಂಡ್ ದಾಟಿದವ್ರಿಗೆ ಮನೆ ದಾರಿ ಅಂತೆ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಅವಳು ಇದನ್ನು ಇನ್ನೂ ಏಳು ಜನಕ್ಕೆ ಹೇಳಿ, ಏಳು ಜನಕ್ಕೂ ಯಾರಿಗೂ ಹೇಳಬೇಡಿ ಎಂದಿದ್ದಳು. ಹಾಗಾಗಿ ಒಂಬತ್ತು ಗಂಟೆಗೆ ಕಟ್ಟಡದಲ್ಲೆಲ್ಲ ಸುದ್ದಿ. ಹುಲ್ಲು ಕತ್ತರಿಸುವ ಡಬ್ ಬಂದು, ಬೀಟ್‌ರೂಟ್ ರಸ ಕುಡಿದರೆ ಕಾಲಿಗೆ ರೆಕ್ಕೆ ಬರುತ್ತದೆಂದ. ಕ್ಲೋವಿಸ್ ಎರಡು ಲೋಟ ಕುಡಿದ. ರೆಕ್ಕೆ ಬರಲಿಲ್ಲ, ಹೊಟ್ಟೆ ಕೆಟ್ಟಿತು. ಸಹಾಯಕ ಕೋಚ್ ಮೆರ್ಲ್ ಬಂದು, ಮಂಡಿಗೆ ಮುಲಾಮು ಹಚ್ಚಿ ಬಿಗಿಯಾಗಿ ಪಟ್ಟಿ ಕಟ್ಟಿದ. ಕಟ್ಟಿದ ಬಿಗಿಗೆ ಕಾಲು ಮಡಚಲೇ ಆಗಲಿಲ್ಲ.

ಅಡುಗೆಮನೆಯ ಹಾಲಿಸ್ ಮಾತ್ರ ಬಾಗಿಲಿಗೆ ಒರಗಿ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ. ಮುನ್ನೂರು ಪೌಂಡು ತೂಕದ ಆಸಾಮಿ.

"ನಿಂಗೆ ಚಿಂತೆ ಇಲ್ವೇನೋ?" ಎಂದ ಕ್ಲೋವಿಸ್.

"ನನ್ನನ್ನ ಓಡ್ಸೋಕೆ ಕರಡಿನೇ ಬರ್ಬೇಕು. ಬಂದ್ರೂ ಅದಕ್ಕೆ ಊಟ ಹಾಕಿ ಕೂರಿಸ್ತೀನಿ," ಎಂದ ಹಾಲಿಸ್.

ಮಧ್ಯಾಹ್ನ ಕ್ಲೋವಿಸ್ ಹೆಂಡತಿ ಅರ್ಲೀನ್‌ಗೆ ಫೋನ್ ಮಾಡಿದ.

"ನೀನು ಓಡೋದಾ?" ಅವಳು ನಕ್ಕಳು. "ಅಡುಗೆಮನೆಗೆ ಬೆಂಕಿ ಬಿದ್ದಾಗ್ಲೇ ನೀನು ಶೂ ಲೇಸ್ ಕಟ್ತಾ ಕೂತಿದ್ದೆ ಮಾರಾಯ!" ಆಮೇಲೆ ಅವಳ ದನಿ ಇಳಿಯಿತು. "ನೋಡು, ಇಪ್ಪತ್ತೆರಡು ತಿಂಗಳು. ಆ ಸ್ಟೂಲ್ ಬಿಡ್ಬೇಡ. ಊಟದ ಪ್ರಾರ್ಥನೇಲಿ ಮೂವತ್ತೊಂದು ವರ್ಷ ಈ ತಂಡಕ್ಕೆ ಟಚ್‌ಡೌನ್ ಬೇಡಿದೀವಿ. ಇವತ್ತು ದೇವ್ರು ನಮಗೂ ಒಂದ್ ಕೊಡ್ಲಿ."

ಕ್ಲೋವಿಸ್ ಫೋನ್ ಇಟ್ಟು ಸ್ಟೂಲಿನ ಮೆತ್ತೆಯನ್ನು ಒಮ್ಮೆ ತಟ್ಟಿ ಸರಿಮಾಡಿದ.

ನಾಲ್ಕು ಗಂಟೆಗೆ ಆಗಸ್ಟಿನ ಬಿಸಿಲು ಬಾಣಲೆಯ ಹಾಗೆ ಕಾದಿತ್ತು. ಮೈದಾನದ ಆಚೆಯ ಹುಲ್ಲಿನ ಮೇಲೆ ಡಬ್ ಹೊರಡುವ ಜಾಗಕ್ಕೆ ಹಗ್ಗ ಹಾಸಿದ್ದ. ಮುಟ್ಟುವ ಜಾಗಕ್ಕೆ ವರ್ನಾ ಕಿತ್ತಳೆ ಬಣ್ಣದ ಕೋನ್ ಇಟ್ಟಿದ್ದಳು. ಸ್ಟಾಪ್‌ವಾಚ್ ಒತ್ತುವವನು ಮೆರ್ಲ್. ಅವನು ತೋರಿಸಿದ ಅಂಕಿಯನ್ನು ಕೋಚ್ ಟಾಲಿವರ್ ಪುಸ್ತಕಕ್ಕೆ ಇಳಿಸುತ್ತಿದ್ದ. ಓಡುವವರ ಕಡೆ ತಲೆ ಎತ್ತುತ್ತಿರಲಿಲ್ಲ.

ಮೊದಲು ಹಾಲಿಸ್. ಅವನು ನಡೆದ. ನಡುವೆ ನಿಂತು ಕಡಲೆಕಾಯಿ ಸಿಪ್ಪೆ ಉಗಿದ. ಕೋನ್ ಮುಟ್ಟಿದಾಗ ಮೂವತ್ನಾಲ್ಕು ಸೆಕೆಂಡು. ಕೋಚ್ ಬರೆದುಕೊಂಡ. ಹಾಲಿಸ್‌ನ ಕತೆ ಮುಗಿಯಿತು ಎಂದು ಎಲ್ಲರೂ ಮರುಗಿದರು. ಉಳಿದವರು ಏದುಸಿರು ಬಿಡುತ್ತಾ ಆರು, ಆರೂವರೆ, ಏಳು ಎಂದು ಮುಗಿಸಿದರು.

ಕೊನೆಯ ಹೆಸರು ಕ್ಲೋವಿಸ್‌ನದು. ಅವನು ಬಗ್ಗಿ ಶೂ ಲೇಸ್ ಕಟ್ಟತೊಡಗಿದ. ಅದು ಮುಗಿಯುವಷ್ಟರಲ್ಲಿ ಲೋಕದಲ್ಲಿ ಏನೇನೋ ಆಗಬಹುದಿತ್ತು. ಆಯಿತು ಕೂಡ.

"ಹೊರಡು!" ಎಂದು ಮೆರ್ಲ್ ಕೂಗಿದ.

ಕ್ಲೋವಿಸ್ ಹೊರಟ. ಪಟ್ಟಿ ಕಟ್ಟಿದ ಕಾಲು ಕೋಲಿನಂತೆ ಸುತ್ತು ಹಾಕಿ ಬರುತ್ತಿತ್ತು, ಬೀಟ್‌ರೂಟ್ ರಸ ಗಂಟಲಿಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಓಡಿದ. ಕಾಲಿಗೆ ಕೋನ್ ತಾಗಿದಾಗ ಇಷ್ಟು ಬೇಗ ಹೇಗೆ ಬಂತಪ್ಪಾ ಎಂದು ಅವನಿಗೇ ಆಶ್ಚರ್ಯವಾಯಿತು.

ಕೋಚ್ ಗಡಿಯಾರ ನೋಡಿದ. ಅಲುಗಾಡಿಸಿ ಮತ್ತೆ ನೋಡಿದ.

"ನಾಲ್ಕು ಪಾಯಿಂಟ್ ನಾಲ್ಕು ಒಂದು," ಎಂದ ನಡುಗುವ ದನಿಯಲ್ಲಿ. "ನನ್ನ ತಂಡದಲ್ಲಿ ಒಬ್ನೂ ಇಷ್ಟು ಓಡಿಲ್ಲ!"

ಮೆರ್ಲ್ ಹತ್ತಿರ ಬಂದು ಕಿವಿಯಲ್ಲಿ ಉಸುರಿದ: "ಹೆಬ್ಬೆರಳು ಒಂದು ಸೆಕೆಂಡ್ ನಿದ್ದೆ ಮಾಡ್ತು ಕಣಯ್ಯಾ. ಆದ್ರೂ ಇಷ್ಟೊಂದಾ?" ಬೆವರು ಒರೆಸಲು ಟವೆಲ್ ತಂದ ವರ್ನಾ, "ನೀವು ಲೇಸ್ ಕಟ್ತಿದ್ದಾಗ ಕೋನನ್ನ ಐದು ಗಜ ಈಚೆಗೆ ಎಳ್ದೆ," ಎಂದು ಪಿಸುಗುಟ್ಟಿದಳು. ನೀರು ಕೊಡಲು ಬಂದ ಡಬ್, "ಅಯ್ಯೋ, ನಾನು ಹಗ್ಗಾನ ಐದು ಗಜ ಮುಂದಕ್ಕೆ ಎಳ್ದಿದ್ದೆ!" ಎಂದ ಮೆಲ್ಲಗೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪಕಾರ ಮಾಡುವವರು ಮೊದಲೇ ಮಾತಾಡಿಕೊಳ್ಳಬೇಕಿತ್ತು.

"ಕೋಚ್, ಗಡಿಯಾರ ಏನೋ ತಪ್ಪು..." ಎಂದು ಕ್ಲೋವಿಸ್ ಬಾಯಿ ತೆರೆದ.

"ಕಣ್ಣು ಸುಳ್ಳು ಹೇಳುತ್ತೆ, ಗಡಿಯಾರ ಹೇಳಲ್ಲ!" ಎಂದ ಕೋಚ್. "ತಪ್ಪು ಮಾಡೋ ಕೈ ಯಾವ್ದಾದ್ರೂ ಇದ್ರೆ ಹೇಳಿ, ಈಗ್ಲೇ ಮನೆಗೆ ಕಳಿಸ್ತೀನಿ."

ಮೆರ್ಲ್‌ನ ಹೆಬ್ಬೆರಳು ಪ್ಯಾಂಟಿನ ಜೇಬಿಗೆ ಸರಿಯಿತು. ಕ್ಲೋವಿಸ್ ಬಾಯಿ ಮುಚ್ಚಿದ. ಆಗಿದ್ದು ಆಯಿತು, ಸ್ಟೂಲು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಕೋಚ್ ಪುಸ್ತಕ ಮುಚ್ಚಿ ಎಲ್ಲರನ್ನೂ ಕೂಡಿಸಿದ. "ಯಾರೋ ಕೆಲಸದಿಂದ ತೆಗೀತಾರೆ ಅಂತ ಸುದ್ದಿ ಹಬ್ಸಿದಾರಂತೆ. ಸುಳ್ಳು! ಯಾರನ್ನೂ ತೆಗೆಯೋದಿಲ್ಲ. ಯಾರ್ಯಾರು ಎಲ್ಲಿರಬೇಕೋ ಅಲ್ಲಿ ಇಡ್ತೀನಿ, ಅಷ್ಟೆ. ಎಲ್ಲರಿಗಿಂತ ನಿಧಾನ ಇರೋನು ಕೂತು ಮಾಡೋ ಕೆಲಸ ಮಾಡ್ಲಿ. ಹಾಲಿಸ್, ನಾಳೆಯಿಂದ ಬಟ್ಟೆ ಕೋಣೆ ನಿನ್ದು."

ಹಾಲಿಸ್ ತಲೆದೂಗಿ ಇನ್ನೊಂದು ಕಡಲೆಕಾಯಿ ಸುಲಿದ.

"ಮತ್ತೆ ಕ್ಲೋವಿಸ್! ಇಂಥ ವೇಗಾನ ಡ್ರೈಯರ್ ಪಕ್ಕ ಕೊಳೆಹಾಕಿದ್ರಲ್ಲಾ ಮೂವತ್ತೊಂದು ವರ್ಷ! ಶನಿವಾರದಿಂದ ಮಣೆ ತರೋನು ನೀನೇ."

ಕ್ಲೋವಿಸ್‌ನ ಮಂಡಿ ಆಗಲೇ ಅಳತೊಡಗಿತು. ತಮ್ಮ ತಂಡ ಟಚ್‌ಡೌನ್ ಮಾಡಿ ಅಂಕ ಗಳಿಸಿದಾಗಲೆಲ್ಲ ಚೆಂಡನ್ನು ಗೇಣುದ್ದವೂ ಇಲ್ಲದ ಒಂದು ಮಣೆಯ ಮೇಲೆ ನಿಲ್ಲಿಸಿ ಎದುರಾಳಿಗಳತ್ತ ಒದೆಯಬೇಕು. ಮಣೆ ಮೈದಾನದ ನಡುವೆ ಉಳಿಯುತ್ತದೆ. ಆಚೆಗೆ ನುಗ್ಗಿದ ಇಪ್ಪತ್ತೆರಡು ಗೂಳಿಗಳು ಈಚೆಗೆ ತಿರುಗುವ ಮುಂಚೆ ಒಬ್ಬ ಓಡಿಹೋಗಿ ಅದನ್ನು ಎತ್ತಿಕೊಂಡು ಬರಬೇಕು. ಹಿಂದಿನ ವರ್ಷ ಆ ಕೆಲಸ ಮಾಡಿದವನು ಇನ್ನೂ ಊರುಗೋಲಿನಲ್ಲಿದ್ದ.

"ಹೆದರಬೇಡ," ಎಂದು ಕೋಚ್ ಬೆನ್ನು ತಟ್ಟಿದ. "ಹೋದ ವರ್ಷ ಮಣೆ ಎತ್ತೋ ಸಂದರ್ಭವೇ ಕಮ್ಮಿ ಬಂದಿತ್ತು. ಈ ವರ್ಷ ನಮ್ಮ ವೇಗಕ್ಕೆ ಆಟಕ್ಕೆ ಏಳೆಂಟು ಟಚ್‌ಡೌನ್ ಖಂಡಿತ!"

ಕ್ಲೋವಿಸ್ ರೇಡಿಯೊ ತೆಗೆದುಕೊಳ್ಳಲು ಕೋಣೆಗೆ ಹೋದಾಗ ಹಾಲಿಸ್ ಆಗಲೇ ಸ್ಟೂಲಿನ ಮೇಲೆ ಕೂತಿದ್ದ. ಫ್ಯಾನು ಅವನ ಕಡೆ ತಿರುಗಿತ್ತು.

"ಈ ಮೆತ್ತೆಗೆ ಏನ್ ತುಂಬಿದೀಯೋ ಕ್ಲೋವಿಸ್? ಸ್ವರ್ಗ ಕಣೋ!"

ಸಂಜೆ ಅರ್ಲೀನ್ ಹುರಿದ ಕೋಳಿ ಬಡಿಸಿ, ಕೆಲಸ ಉಳಿಯಿತೆಂಬ ಖುಷಿಯಲ್ಲಿ ಗಂಡನ ಕೈ ಹಿಡಿದು ಕಣ್ಣು ಮುಚ್ಚಿದಳು. "ದೇವರೇ, ಈ ಊಟಕ್ಕೆ ವಂದನೆ. ಶನಿವಾರ ನಮ್ಮ ತಂಡಕ್ಕೆ ಎಂದಿನ ಹಾಗೆ ಟಚ್..."

ಕ್ಲೋವಿಸ್ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದ.

"ಅರ್ಲೀನ್, ನಿನ್ ಕಾಲಿಗೆ ಬೀಳ್ತೀನಿ, ಅದೊಂದನ್ನ ಮಾತ್ರ ಕೇಳ್ಬೇಡ," ಎಂದ.