ಎಡ ಚಕ್ರದ ಸದ್ದು

ಅಂದು ಬೆಳಗ್ಗೆ ಗಾಳಿ ಎಂಬುದೇ ಇರಲಿಲ್ಲ. ತೆಳುಮೋಡ ಹಳೆಯ ಹೊದಿಕೆಯಂತೆ ಆಕಾಶದ ತುಂಬ ಹಾಸಿಕೊಂಡಿತ್ತು. ತಂತಿಯ ಮೇಲಿನ ಬಟ್ಟೆ ಅಲ್ಲಾಡದೆ ನೇತಾಡುತ್ತಿತ್ತು. ಅಂಥ ದಿನ ಬೀದಿಯ ಈ ತುದಿಯಲ್ಲಿ ಚಮಚ ಬಿದ್ದರೆ ಆ ತುದಿಯವರು ತಲೆಯೆತ್ತುತ್ತಾರೆ. ಹಾಗಾಗಿ ಕನ್ನಡಕಪ್ಪ, ತೀರಿಹೋದ ತನ್ನ ಅಣ್ಣನ ಕೆಂಪು ಕಾರನ್ನು ಶೆಡ್ಡಿನಿಂದ ತೆಗೆದು, ಒಂದು ಸುತ್ತು ಹಾಕಿ, ಮನೆಯ ಹತ್ತಿರದ ತಿರುವಿಗೆ ಬಂದಾಗ ಎಡಗಡೆಯ ಮುಂದಿನ ಚಕ್ರದ ಬಳಿ ಎದ್ದ "ಟಕ್" ಎಂಬ ಸದ್ದನ್ನು ಕೇಳದವರು ಆ ಬೀದಿಯಲ್ಲಿ ಯಾರೂ ಉಳಿಯಲಿಲ್ಲ.

ಕನ್ನಡಕಪ್ಪ ಅಂತ ಹೆತ್ತವರೇನೂ ಹೆಸರಿಟ್ಟಿರಲಿಲ್ಲ. ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಉಜ್ಜಿ ಉಜ್ಜಿ ಹೆಸರೂ ಹಾಗೇ ಸವೆದಿತ್ತು. ಕೂದಲೆಳೆಯಷ್ಟು ಗೀರನ್ನೂ ಅವನ ಕಣ್ಣು ಹಿಡಿಯುತ್ತಿತ್ತು. ದೇವರು ಅವನಿಗೆ ಕಣ್ಣನ್ನು ಧಾರಾಳವಾಗಿ ಕೊಟ್ಟು, ಕಿವಿಯ ಸರದಿ ಬಂದಾಗ ಮಾತ್ರ ಸ್ವಲ್ಪ ಕೈ ಬಿಗಿಮಾಡಿದ್ದ. ಸದ್ದು ಕೇಳುತ್ತಿತ್ತು, ಯಾವ ಮೂಲೆಯಿಂದ ಎಂಬುದು ತಿಳಿಯುತ್ತಿರಲಿಲ್ಲ.

ಕಾರು ಮೂವತ್ತು ವರ್ಷದ್ದು, ಇಬ್ಬರೇ ಕೂರುವಂಥದ್ದು, ನೆಲಕ್ಕೆ ಅಂಟಿಕೊಂಡಂತೆ ಓಡುವ ಜಾತಿಯದು. ಒಳಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ಹೊರಬರಬೇಕಾದರೆ ಮೇಲಿನಿಂದ ಯಾರಾದರೂ ಹಗ್ಗ ಎಸೆಯಬೇಕು. ಅಣ್ಣ ಅದನ್ನು ಮಗುವಿನಂತೆ ಸಾಕಿದ್ದ. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತವನು ಹಾಗೇ ಹೊರಟುಹೋದ. ಅಂದಿನಿಂದ ಭಾನುವಾರಕ್ಕೊಮ್ಮೆ ಕನ್ನಡಕಪ್ಪ ಬಂದು ಕಾರನ್ನು ಒಂದು ಸುತ್ತು ಓಡಿಸಿ ನಿಲ್ಲಿಸುತ್ತಿದ್ದ. ಆ ಅರ್ಧ ಗಂಟೆ ಅಣ್ಣನ ಪಕ್ಕದಲ್ಲಿ ಕೂತಂತಾಗುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ.

ಇಂದು ಮಾತ್ರ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು.

"ಸಂಜೆ ಐದಕ್ಕೆ ಗಾಡಿ ನೋಡೋಕೆ ವ್ಯಾಪಾರಿ ಬರ್ತಾನಪ್ಪ," ಎಂದರು.

ಕನ್ನಡಕಪ್ಪನ ಕೈಯಲ್ಲಿದ್ದ ಕೀಲಿ ಜಾರಿ ಬಿತ್ತು. "ಮಾರ್ತೀರಾ ಅತ್ತಿಗೆ? ಅಣ್ಣನ ಗಾಡೀನಾ?"

"ಆ ಸದ್ದು ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ. ನೀನು ವಾರವಾರ ಬರ್ತೀಯ, ಅದು ವಾರವಾರ ಟಕ್ ಅನ್ನುತ್ತೆ."

"ಸದ್ದು ನಿಲ್ಲಿಸಿದ್ರೆ?"

ಅತ್ತಿಗೆ ಬಿದ್ದ ಕೀಲಿ ಎತ್ತಿ ಅವನ ಕೈಗಿಟ್ಟರು. "ನಿಲ್ಲಿಸು. ಐದರೊಳಗೆ ನಿಂತ್ರೆ ಗಾಡಿ ಇರ್ಲಿ. ನೀನೇ ಓಡಿಸ್ಕೊಂಡಿರು. ಇಲ್ದಿದ್ರೆ ಹೋಗ್ಲಿ."

ಕನ್ನಡಕಪ್ಪ ಅಂಗಿಯ ತೋಳು ಮಡಚಿದ. ಶೆಡ್ಡಿನ ಅಟ್ಟದ ಮೇಲೆ ಅಣ್ಣ ತರಿಸಿಟ್ಟು, ಹಾಕದೇ ಬಿಟ್ಟಿದ್ದ ಸಾಮಾನಿನ ಪೆಟ್ಟಿಗೆಗಳು ಸಾಲಾಗಿದ್ದವು: ಹೊಸ ಶಾಕ್ ಅಬ್ಸಾರ್ಬರ್, ಗಟ್ಟಿ ಸ್ಪ್ರಿಂಗು, ದಪ್ಪನೆಯದೊಂದು ಅಡ್ಡ ಸರಳು. ತಿರುವಿನಲ್ಲಿ ಗಾಡಿ ಒಂದೇ ಕಡೆ ವಾಲದಂತೆ ಎಡಚಕ್ರವನ್ನೂ ಬಲಚಕ್ರವನ್ನೂ ಜೋಡಿಸಿ ಹಿಡಿಯುವ ಸರಳು ಅದು. ಇಷ್ಟೂ ಹೊಸದು ಹಾಕಿದರೆ ಯಾವ ಸದ್ದು ತಾನೇ ಉಳಿದೀತು ಎಂದುಕೊಂಡು ಅವನು ಜಾಕಿ ಎತ್ತಿದ.

ಜಾಕಿಯ ಕಿರುಗುಟ್ಟುವಿಕೆ ಕೇಳಿ ಎದುರುಮನೆಯ ಡ್ರೈವರ್ ಮಾವ ಕುರ್ಚಿ ಸಮೇತ ಬಂದರು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸಲಹೆ ಕೊಡುವಾಗ ಈಗಲೂ ಎಡಗಾಲು ಕ್ಲಚ್ ಒತ್ತುತ್ತಿತ್ತು.

"ಏನಯ್ಯಾ ಕನ್ನಡಕಪ್ಪಾ, ಮುಂದಿನ ಶಾಕ್ ಬಿಚ್ತಿದ್ದೀಯಾ? ಮೊದಲು ಮೇಲಿನ ಮೂರು ನಟ್ಟು ಸಡಿಲ ಮಾಡು. ಪೂರ್ತಿ ತೆಗೀಬೇಡ. ಮಧ್ಯದ ನಟ್ಟು ಮುಟ್ಟಲೇಬೇಡ, ಸ್ಪ್ರಿಂಗು ಹಾರಿ ಹಲ್ಲು ಉದುರಿಸುತ್ತೆ."

"ನಿಮ್ಗೆ ಹೇಗೆ ಮಾವ ಇಷ್ಟು ಚೆನ್ನಾಗಿ ಗೊತ್ತು? ಬಸ್ಸಿಗೂ ಹೀಗೇನಾ?"

"ಗಾಡಿ ಅಂದ್ರೆ ಗಾಡಿ," ಎಂದು ಡ್ರೈವರ್ ಮಾವ ಗಂಭೀರವಾಗಿ ಆಕಾಶ ನೋಡಿದರು.

ಹನ್ನೊಂದರ ಹೊತ್ತಿಗೆ ಮುಂದಿನ ಎರಡೂ ಶಾಕ್ ಸ್ಪ್ರಿಂಗು ಸಮೇತ ಬದಲಾದವು. ಕನ್ನಡಕಪ್ಪನ ಮುಖ ಮಸಿಯ ಮಡಕೆಯಂತಾಗಿ, ಅದರಲ್ಲಿ ಕನ್ನಡಕದ ಗಾಜೆರಡು ಮಾತ್ರ ಮಿನುಗುತ್ತಿದ್ದವು. ಡ್ರೈವರ್ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟ. ಸ್ಪ್ರಿಂಗು ಎಷ್ಟು ಗಟ್ಟಿಯೆಂದರೆ, ದಾರಿಯಲ್ಲಿ ಬಿದ್ದ ನಾಣ್ಯದ ಮೇಲೆ ಚಕ್ರ ಹರಿದರೆ ಅದು ಯಾವ ಮಗ್ಗುಲಾಗಿ ಬಿದ್ದಿದೆ ಎಂದು ಕೂತವರ ಬೆನ್ನುಮೂಳೆಗೆ ತಿಳಿಯುವಂತಿತ್ತು.

"ಅಯ್ಯಯ್ಯೋ, ನಿಧಾನ ಕಣೋ! ಅರವತ್ತು ಜನರನ್ನ ಹೊತ್ತಾಗಲೂ ನಾನು ಹೀಗೆ ಕುಲುಕಿಲ್ಲ!"

ತಿರುವು ಬಂತು. ಟಕ್.

"ಕೇಳಿಸ್ತಾ ಮಾವ?"

"ನನ್ನ ಸೊಂಟದ್ದು ಅಂದ್ಕೊಂಡೆ," ಎಂದರು ಡ್ರೈವರ್ ಮಾವ.

ಅಷ್ಟರಲ್ಲಿ ಪಕ್ಕದ ಮನೆಯ ಸಂಗೀತದ ಟೀಚರ್ ಬಂದರು. ಬೆಳಗಿನ ಪಾಠಕ್ಕೆ ಬಂದಿದ್ದ ಇಬ್ಬರು ಹುಡುಗಿಯರು ಜಾಕಿಯ ಶ್ರುತಿಗೇ ಹಾಡತೊಡಗಿದ್ದರಿಂದ ಅವರನ್ನು ಮನೆಗೆ ಕಳಿಸಿ ಬಂದಿದ್ದರು.

"ರೀ, ಅದು ಕಬ್ಬಿಣಕ್ಕೆ ಕಬ್ಬಿಣ ಹೊಡೆಯೋ ಸದ್ದಲ್ಲ. ಅದರಲ್ಲಿ ಗುಂಯ್ ಅನ್ನೋದೇ ಇಲ್ಲ. ಒಣಗಿದ ಸದ್ದು. ಎಲ್ಲೋ ಏನೋ ಒಂದು ಕಮ್ಮಿ ಇದೆ."

"ಕಮ್ಮಿ ಇರೋದು ಇವನಿಗೆ ಬುದ್ಧಿ," ಎಂದರು ಡ್ರೈವರ್ ಮಾವ. "ನೀವು ಸುಮ್ನಿರಿ ಟೀಚರ್. ಅಡ್ಡ ಸರಳಿನ ರಬ್ಬರ್ ಬುಶ್ ಸವೆದಿರುತ್ತೆ. ಸರಳು ಬದಲಾಯಿಸು ಕನ್ನಡಕಪ್ಪಾ. ನಟ್ಟುಗಳನ್ನ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಾಗಲೇ ಬಿಗಿ ಮಾಡ್ಬೇಕು, ಜಾಕಿ ಮೇಲಿದ್ದಾಗ ಅಲ್ಲ."

ಕನ್ನಡಕಪ್ಪ ಮತ್ತೆ ಗಾಡಿಯ ಕೆಳಗೆ ನುಸುಳಿದ. ಊಟದ ಹೊತ್ತು ಅವನ ಕಾಲುಗಳ ಮೇಲೆ ದಾಟಿಹೋಯಿತು. ಅತ್ತಿಗೆ ಎರಡು ಸಲ ಬಾಗಿಲಿಗೆ ಬಂದು, ಹೊರಗೆ ಚಾಚಿದ್ದ ಆ ಕಾಲುಗಳನ್ನು ನೋಡಿ ಒಳಗೆ ಹೋದರು. ಅಣ್ಣನ ಕಾಲುಗಳೂ ಹೀಗೇ ಚಾಚಿಕೊಂಡಿರುತ್ತಿದ್ದವು.

ದಪ್ಪ ಸರಳು ಕೂತಿತು. ತುಕ್ಕಿನ ಪುಡಿ ಒಂದು ಹಿಡಿಯಷ್ಟು ಅವನ ಕಿವಿಯೊಳಗೇ ಇಳಿಯಿತು. ಮೂರು ಗಂಟೆಗೆ ಮತ್ತೊಂದು ಸುತ್ತು. ಗಾಡಿ ಈಗ ತಿರುವಿನಲ್ಲಿ ಹಳಿಯ ಮೇಲೆ ಹೋದಂತೆ ಹೋಯಿತು, ಎಳ್ಳಷ್ಟೂ ವಾಲಲಿಲ್ಲ.

ಟಕ್!

ಈ ಸಲದ್ದು ಮೊದಲಿನದಕ್ಕಿಂತ ಎರಡರಷ್ಟು ಗಟ್ಟಿ. ಬೇಲಿಯ ಮೇಲಿದ್ದ ಬೆಕ್ಕು ಆಚೆಗೆ ಹಾರಿತು.

"ಅಭಿವೃದ್ಧಿ ಕಾಣ್ತಿದೆ," ಎಂದರು ಸಂಗೀತದ ಟೀಚರ್.

ಕನ್ನಡಕಪ್ಪ ಗಾಡಿ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟ. ಹಾರ್ನು ಪೋಂ ಎಂದಿತು. ಅವನು ತಲೆ ಎತ್ತಲಿಲ್ಲ. ಅಣ್ಣ ಇದ್ದಾಗ ಬದುಕಿನ ಎಷ್ಟೋ ತಿರುವುಗಳಲ್ಲಿ ಏನೇ ಸದ್ದಾದರೂ ಅಣ್ಣ ನೋಡಿಕೊಳ್ಳುತ್ತಾನೆಂದು ಸುಮ್ಮನಿದ್ದವನು ಅವನು. ಈಗ ಹಾರ್ನಿನ ಸದ್ದನ್ನು ನಿಲ್ಲಿಸಲಿಕ್ಕೂ ಬೇರೆಯವರು ಬಂದು ಅವನ ತಲೆಯನ್ನು ಎತ್ತಬೇಕಾಯಿತು. ಎತ್ತಿದವರು ಡ್ರೈವರ್ ಮಾವ.

"ಅಳ್ಬೇಡ ಕಣೋ. ಇನ್ನೂ ಎರಡು ಗಂಟೆ ಇದೆ."

"ಇವತ್ತು ಹೋದ್ರೆ ಅಣ್ಣ ಪೂರ್ತಿ ಹೋದ ಹಾಗೆ ಮಾವ."

ಡ್ರೈವರ್ ಮಾವ ಮನೆಯಿಂದ ಟಾರ್ಚು ತಂದು ಅವನ ಕೈಗಿಟ್ಟರು.

ಕನ್ನಡಕಪ್ಪ ಮತ್ತೆ ಕೆಳಗಿಳಿದ. ಈ ಸಲ ಯಾವ ಸ್ಪ್ಯಾನರನ್ನೂ ಒಯ್ಯಲಿಲ್ಲ. ಟಾರ್ಚು ಹಿಡಿದು, ಅಂಗಡಿಯಲ್ಲಿ ಗಾಜು ನೋಡುವಂತೆ, ಎಡವನ್ನೂ ಬಲವನ್ನೂ ಸುಮ್ಮನೆ ನೋಡುತ್ತ ಮಲಗಿದ. ಕಿವಿಗೆ ಸಿಗದ್ದು ಕಣ್ಣಿಗೆ ಸಿಕ್ಕಿತು. ಸರಳಿನ ತುದಿಯನ್ನು ಚಕ್ರದ ಕಡೆಗೆ ಕಟ್ಟುವ ಗೇಣುದ್ದದ ಕೊಂಡಿಯಲ್ಲಿ ಬಲಗಡೆ ನಾಲ್ಕು ರಬ್ಬರ್ ಬಿಲ್ಲೆಗಳಿದ್ದವು. ಎಡಗಡೆ ಮೂರೇ. ಸವೆದದ್ದಲ್ಲ, ಹರಿದದ್ದಲ್ಲ. ಇರಲೇ ಇಲ್ಲ. ಟೀಚರ್ ಹೇಳಿದ್ದು ಸರಿ, ಒಂದು ಕಮ್ಮಿ.

"ಮಾವ! ಎದ್ದು ಆ ನಿಮ್ಮ ಚಪ್ಪಲಿ ಕೊಡಿ!"

"ಹೊಡೀತೀಯೇನೋ?"

ಡ್ರೈವರ್ ಮಾವನ ರಬ್ಬರ್ ಚಪ್ಪಲಿಯ ಹಿಮ್ಮಡಿಯಿಂದ ನಾಣ್ಯದಷ್ಟಗಲದ ಬಿಲ್ಲೆ ಕತ್ತರಿಸಿದ. ಗಾಜು ಉಜ್ಜುವ ಕೈ; ಅಂಚು ಎಷ್ಟು ನುಣುಪೆಂದರೆ ಅದನ್ನೇ ಕನ್ನಡಕಕ್ಕೆ ಕೂರಿಸಬಹುದಿತ್ತು. ಕೊಂಡಿಗೆ ಹಾಕಿ ಬಿಗಿದ. ಒಂದು ಸುತ್ತು. ತಿರುವು ಬಂತು, ಹೋಯಿತು. ಸದ್ದಿಲ್ಲ. ಇನ್ನೊಂದು ಸುತ್ತು. ಸದ್ದಿಲ್ಲ. ಟೀಚರ್ ಚಪ್ಪಾಳೆ ತಟ್ಟಿದರು. ಡ್ರೈವರ್ ಮಾವ ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಕುಣಿದರು. ಗಂಟೆ ನಾಲ್ಕೂವರೆ.

"ಅತ್ತಿಗೆ, ಬನ್ನಿ! ಕೂತು ನೋಡಿ!"

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕಷ್ಟಪಟ್ಟು ಆ ಬಾವಿಯೊಳಗೆ ಇಳಿದರು. ಆರು ತಿಂಗಳಲ್ಲಿ ಅವರು ಅದರಲ್ಲಿ ಕೂತದ್ದು ಅದೇ ಮೊದಲು. ಅಂಗಡಿ ಸಾಲು ದಾಟಿ, ನೀರಿನ ಟ್ಯಾಂಕ್ ಸುತ್ತಿ, ಮನೆಯ ತಿರುವಿಗೆ ಬರುವಾಗ ಅವರ ಕೈ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಗಾಡಿ ನುಣ್ಣಗೆ ತಿರುಗಿ ಮನೆಮುಂದೆ ನಿಂತಿತು.

"ಮನೆ ಬಂತಾ?" ಎಂದರು ಅತ್ತಿಗೆ. "ಗೊತ್ತೇ ಆಗ್ಲಿಲ್ಲ."

"ನೋಡಿದ್ರಾ ಅತ್ತಿಗೆ! ನಿಂತೇ ಹೋಯ್ತು!"

ಅವರು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದರು. "ಕೊಟ್ಟುಬಿಡಪ್ಪ ಆ ವ್ಯಾಪಾರಿಗೆ."

"ಅತ್ತಿಗೆ! ಸದ್ದು ನಿಂತ್ರೆ ಇರ್ಲಿ ಅಂದಿದ್ರಲ್ಲ!"

"ಅಂದಿದ್ದೆ. ಇಪ್ಪತ್ತೆರಡು ವರ್ಷ ಈ ತಿರುವಲ್ಲಿ ಟಕ್ ಅಂದ್ರೆ ನಾನು ಒಲೆ ಮೇಲೆ ಚಹಾಕ್ಕೆ ನೀರಿಡ್ತಿದ್ದೆ. ಅವರು ಬಂದು ಚಪ್ಪಲಿ ಬಿಡೋ ಹೊತ್ತಿಗೆ ನೀರು ಕುದೀತಿತ್ತು. ಈಗ ನೀನು ಓಡಿಸ್ಕೊಂಡು ಬಂದಾಗಲೂ ಕೈ ತಾನಾಗೇ ಹೋಗುತ್ತೆ, ಆಮೇಲೆ ಯಾರಿಗೆ ಅಂತ ನೆನಪಾಗುತ್ತೆ. ಸದ್ದೊಂದು ನಿಂತ್ರೆ ಸಾಕು ಅಂದ್ಕೊಂಡಿದ್ದೆ. ನಿಂತ ಮೇಲೆ ನೋಡಿದ್ರೆ, ಇದರಲ್ಲಿ ಅವರದ್ದು ಅಂತ ಇದ್ದದ್ದು ಆ ಸದ್ದೊಂದೇ. ಉಳಿದದ್ದು ಬರೀ ಗಾಡಿ."

"ಈಗಲೇ ಆ ರಬ್ಬರ್ ತೆಗೆದುಬಿಡ್ತೀನಿ! ಐದು ನಿಮಿಷ ಅತ್ತಿಗೆ!"

"ಬೇಡಪ್ಪ. ತೆಗೆದ್ರೆ ಅದು ನೀನು ಮಾಡಿದ ಸದ್ದಾಗುತ್ತೆ."

ವ್ಯಾಪಾರಿ ಐದಕ್ಕೆ ಸರಿಯಾಗಿ ಬಂದ. ಓಡಿಸಿ ನೋಡಿದ. ಇಳಿದು, ಕನ್ನಡಕಪ್ಪನ ಮಸಿ ಕೈಯನ್ನೇ ಹಿಡಿದು ಕುಲುಕಿದ. "ಏನೋ ಸದ್ದಿದೆ ಅಂದಿದ್ರು, ಬೇಡ ಅಂತ ಹೇಳಿಹೋಗೋಕೇ ಬಂದಿದ್ದೆ ನಾನು. ಯಾರು ಸ್ವಾಮಿ ಇಷ್ಟು ಚೆನ್ನಾಗಿ ಕೆಲಸ ಮಾಡಿರೋದು?"

ಕನ್ನಡಕಪ್ಪ ನೆಲ ನೋಡಿದ. ಹತ್ತು ನಿಮಿಷದಲ್ಲಿ ಕಾಗದಕ್ಕೆ ಸಹಿಯಾಯಿತು. ಕೆಂಪು ಕಾರು ಬೀದಿಯುದ್ದ ಹೋಗಿ ತಿರುವಿನಲ್ಲಿ ಮರೆಯಾಯಿತು. ಯಾರಿಗೂ ಏನೂ ಕೇಳಿಸಲಿಲ್ಲ.

ಅವನು ಖಾಲಿ ಶೆಡ್ಡಿನಲ್ಲಿ ಸ್ಪ್ಯಾನರುಗಳನ್ನು ಒರೆಸುತ್ತಿದ್ದಾಗ ಡ್ರೈವರ್ ಮಾವ ಬಂದು ನಿಂತರು. ಅಂಗಿಯೊಳಗಿಂದ ಎಣ್ಣೆಗಲೆಯ ಒಂದು ದಪ್ಪ ಪುಸ್ತಕ ತೆಗೆದರು. ಅದು ಆ ಕಾರಿನ ರಿಪೇರಿ ಪುಸ್ತಕ.

"ನಿಮ್ಮಣ್ಣನದು. ಹೋದ ವರ್ಷ ಓದೋಕೆ ತಂದಿದ್ದೆ. ಬೆಳಗ್ಗಿಂದ ನಾನು ಹೇಳಿದ್ದೆಲ್ಲ ಇದರದ್ದೇ. ಕೊಡೋಣ ಅಂತ ದಿನಾ ಅಂದ್ಕೋತಿದ್ದೆ ಕಣೋ. ಕೊಟ್ಟುಬಿಟ್ರೆ ಈ ಬೀದೀಲಿ ನನ್ನನ್ನ ಕೇಳೋರು ಯಾರು?"

ಕನ್ನಡಕಪ್ಪನಿಗೆ ಸಿಟ್ಟೂ ಬರಲಿಲ್ಲ. ಹಾಗೇ ಹಾಳೆ ತಿರುವಿದ.

"ಕೊನೇಲಿ ಪೆನ್ಸಿಲಲ್ಲಿ ಏನೋ ಬರೆದಿದ್ದಾನೆ," ಎಂದರು ಮಾವ. "ಅಚ್ಚಾದದ್ದಷ್ಟೇ ನಾನು ಓದಿದ್ದು. ಕೈಬರಹ ಮನೆಯವರದ್ದು ಅಂತ ಬಿಟ್ಟೆ."

ಕೊನೆಯ ಪುಟಕ್ಕೆ ಒಂದು ರಬ್ಬರ್ ಬಿಲ್ಲೆಯನ್ನು ಅಂಟುಪಟ್ಟಿಯಿಂದ ಅಂಟಿಸಲಾಗಿತ್ತು. ಹೊಸದು, ಒಂದು ಗೀರೂ ಇರಲಿಲ್ಲ. ಕೆಳಗೆ ಅಣ್ಣನ ದುಂಡಕ್ಷರ:

"ಎಡಗಡೆಯ ಈ ರಬ್ಬರು ಸವೆದು ಬಿದ್ದಿತ್ತು. ಹೊಸದು ಹಾಕಿದೆ, ಸದ್ದು ನಿಂತಿತು. ಅವತ್ತು ನಾನು ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಒಳಗೆ ಬಂದರೆ ಗಾಬರಿಯಾದಳು, ನೀರಿಟ್ಟಿಲ್ಲವೆಂದು ಬೇಸರಪಟ್ಟಳು. ಮರುದಿನ ನಾನೇ ತೆಗೆದುಬಿಟ್ಟೆ. ಓಡಿಸಲು ತೊಂದರೆಯಿಲ್ಲ. ಯಾರೂ ಇದನ್ನು ಸರಿಮಾಡಬಾರದು."

ಕನ್ನಡಕಪ್ಪ ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿ, ಮೂರನೆಯ ಸಲ ಓದಲು ನೋಡಿದ, ಅಕ್ಷರ ಕಾಣಲಿಲ್ಲ. ಎದ್ದು ಹಿತ್ತಲಿನಿಂದ ಅಡುಗೆಮನೆಗೆ ಹೋದ. ಅತ್ತಿಗೆ ಒಲೆಯ ಪಕ್ಕದಲ್ಲಿ ಕಿಟಕಿಯ ಕಡೆ ಮುಖಮಾಡಿ ನಿಂತಿದ್ದರು. ಅವನು ಕೈಯ ಮಸಿಯನ್ನು ಅಂಗಿಗೆ ಉಜ್ಜಿಕೊಂಡು, ಪುಸ್ತಕದ ಆ ಪುಟವನ್ನು ತೆರೆದು ಅವರ ಕೈಗೆ ಕೊಟ್ಟ.