ಬರಿಗೈಯಲ್ಲಿ ತವರಿಗೆ ನಡೆದದ್ದು

ಮನುಷ್ಯನಿಗೆ ದೇವರು ಕಾಲು ಕೊಟ್ಟದ್ದು ನಡೆಯಲಿಕ್ಕೆ ಎಂದು ಹೇಳುವವರು ಸಾಮಾನ್ಯವಾಗಿ ಕುಳಿತುಕೊಂಡೇ ಹೇಳುತ್ತಾರೆ. ನಾನೂ ಅವರಲ್ಲೊಬ್ಬ. ಶಿಗ್ಗಾಂವಿಯಲ್ಲಿ ಸರಕಾರಿ ಕಾರಕೂನ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಸಂಜೆ ಕಟ್ಟೆಯ ಮೇಲೆ ಕುಳಿತು, ಹಬ್ಬಕ್ಕೆ ಬಸ್ಸಿನಲ್ಲಿ ಕುಳಿತು ಹೆಂಡತಿಯ ತವರಿಗೆ ಹೋಗಿ, ಅಲ್ಲಿ ಅಳಿಯನೆಂಬ ಮರ್ಯಾದೆಗೆ ಗಾದಿಯ ಮೇಲೆ ಕುಳಿತುಕೊಳ್ಳುವವನು. ಇಂಥ ನನಗೆ ಈಚೆಗೆ ನಡೆಯುವ ಹಂಬಲ ಹತ್ತಿದೆ. ಆರೋಗ್ಯಕ್ಕಾಗಿ ಎಂದು ಕಚೇರಿಯಲ್ಲಿ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಹೆಂಡತಿಯೊಡನೆ ಮಾತಾಡುವುದಕ್ಕಾಗಿ.

ಗಂಡ ಹೆಂಡತಿ ಮಾತಾಡಲು ನಡೆಯಬೇಕೇ ಎಂದು ನೀವು ಕೇಳಬಹುದು. ಮದುವೆಯಾದ ಹೊಸದರಲ್ಲಿ ನಮಗೆ ನಡೆಯಲೇಬೇಕಿತ್ತು. ಮನೆ ತುಂಬ ಜನ. ಹಿರಿಯರ ಎದುರು ಸೊಸೆ ಗಂಡನನ್ನು ಮಾತಾಡಿಸುವಂತಿರಲಿಲ್ಲ. ಗಂಗವ್ವನಿಗೆ ನನ್ನಿಂದ ಏನಾದರೂ ಬೇಕಾದರೆ ಆಕೆ ಅದನ್ನು ಎಮ್ಮೆಗೆ ಹೇಳುತ್ತಿದ್ದಳು. "ಎಣ್ಣಿ ತೀರೇತಿ ನೋಡವ್ವಾ" ಎಂದು ಎಮ್ಮೆಯ ಮೈ ತಿಕ್ಕುತ್ತ ಅಂದಳೆಂದರೆ ನಾನು ಸೀಸೆ ಹಿಡಿದು ಅಂಗಡಿಗೆ ಹೊರಡಬೇಕು. ವರ್ಷದಲ್ಲಿ ಎರಡು ಮೂರು ಸಲ ಮಾತ್ರ ನಾವಿಬ್ಬರೇ ಆಕೆಯ ತವರಾದ ಹಿರೇಬೆಂಡಿಗೇರಿಗೆ ಹೋಗುತ್ತಿದ್ದೆವು. ಆಗ ಬಸ್ಸಿರಲಿಲ್ಲ, ನಡೆದೇ ಹೋಗಬೇಕು. ಊರು ದಾಟುವ ತನಕ ಆಕೆ ತಲೆತುಂಬ ಸೆರಗು ಹೊದ್ದು ಬಹಳ ಹಿಂದೆ ಬರುತ್ತಿದ್ದಳು. ಹಳ್ಳ ದಾಟಿದ ಮೇಲೆ ಸೆರಗು ಜಾರುತ್ತಿತ್ತು, ನನ್ನ ಪಕ್ಕಕ್ಕೇ ಬಂದುಬಿಡುತ್ತಿದ್ದಳು, ಮಾತು ಶುರುವಾಗುತ್ತಿತ್ತು. ತನಗೆ ಬಿದ್ದ ಕನಸು, ಬಾಲ್ಯದಲ್ಲಿ ಬಾವಿಗೆ ಬಿದ್ದ ಕೊಡ, ನೆರೆಮನೆಯವಳ ಮೂಗುತಿ, ಏನೆಲ್ಲ! ನನ್ನ ಅವ್ವ ಸಿಟ್ಟಾದಾಗ ಹೇಗೆ ಮಾತಾಡುತ್ತಾಳೆಂದು ಮಾಡಿಯೂ ತೋರಿಸುತ್ತಿದ್ದಳು. ಮಗನಾಗಿ ಸಿಟ್ಟಾಗಬೇಕೋ ಗಂಡನಾಗಿ ನಗಬೇಕೋ ತಿಳಿಯದೆ ನಾನು ನಗುತ್ತಿದ್ದೆ. ಆಕೆ ಅಷ್ಟು ಗಟ್ಟಿಯಾಗಿ ನಗುತ್ತಾಳೆಂಬುದೇ ನನಗೆ ಗೊತ್ತಾದದ್ದು ಆ ದಾರಿಯಲ್ಲಿ.

ನೌಕರಿ ನನ್ನನ್ನು ಹಾನಗಲ್ಲ, ಹಿರೇಕೆರೂರ, ಸವಣೂರ ಎಂದು ಅಲೆದಾಡಿಸಿ ಮತ್ತೆ ಶಿಗ್ಗಾಂವಿಗೆ ತಂದು ಬಿಡುವುದರೊಳಗೆ ಆ ದಾರಿಗೆ ಬಸ್ಸು ಬಂದಿತ್ತು. ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಗಂಗವ್ವ ಮುಂದೆ ಕುಳಿತು ಗುರುತಿದ್ದವರು ಇಲ್ಲದವರು ಎಲ್ಲರೊಡನೆ ಹರಟುತ್ತಾಳೆ, ನಾನು ಹಿಂದಿನಿಂದ ಆಕೆಯ ತುರುಬು ನೋಡುತ್ತ ಕೂಡುತ್ತೇನೆ. ಈಗ ಹಿರಿಯರಿಲ್ಲ, ಮನೆಯಲ್ಲಿ ಮಾತಾಡಲು ಯಾರ ಅಡ್ಡಿಯೂ ಇಲ್ಲ, ನಿಜ. ಆದರೆ ಏನು ಮಾತು? ಅಕ್ಕಿಆಲೂರಿನಿಂದ ಅಕ್ಕಿ ತರಿಸಬೇಕು, ಮಗಳ ಲಂಗ ಗಿಡ್ಡಾಯಿತು, ಮಾಳಿಗೆ ಸೋರುತ್ತದೆ. ಇವು ಮಾತಲ್ಲ, ವರದಿ. ಇಂಥವನ್ನು ಕಚೇರಿಯಲ್ಲಿ ಬೇಕಾದಷ್ಟು ಕೇಳುತ್ತೇನೆ. ಹಳ್ಳದ ಆಚೆ ಮಾತಾಡುತ್ತಿದ್ದ ಆ ಹುಡುಗಿ ಎಲ್ಲಿ ಹೋದಳೆಂದು ನನ್ನ ಜೀವ ಒಮ್ಮೊಮ್ಮೆ ಕಳವಳಿಸುತ್ತಿತ್ತು.

ಹಾಗಾಗಿ ಯಾವ ಹಬ್ಬವೂ ಇಲ್ಲದ ಒಂದು ರವಿವಾರ, ಮಕ್ಕಳನ್ನು ಅತ್ತಿಗೆಯ ಹತ್ತಿರ ಬಿಟ್ಟು, "ನಡಿ, ಹಿರೇಬೆಂಡಿಗೇರಿಗೆ ನಡಕೋತ ಹೋಗಿಬರೂಣು" ಎಂದೆ.

"ಬಸ್ಸು ಐತೆಲ್ರಿ?"

"ಇರಲಿ ಬಿಡು."

ಆಕೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಒಳಗೆ ಹೋಗಿ ರೊಟ್ಟಿ, ಶೇಂಗಾ ಹಿಂಡಿ, ತವರಿನವರಿಗೆ ಕೊಡಲು ಸವಣೂರ ವೀಳ್ಯದೆಲೆ ಎಲ್ಲ ಸೇರಿಸಿ ಗಂಟು ಕಟ್ಟತೊಡಗಿದಳು. ನಾನು ಬಿಡಿಸಿಟ್ಟೆ. "ಗಂಟು ಬ್ಯಾಡ. ಕೈ ಬೀಸಿಕೋತ ಹಗುರಾಗಿ ನಡಿಯೂಣು."

"ಬರಿಗೈಲೆ ತವರಮನಿಗೆ ಹ್ಯಾಂಗ ಹೋಗೂದ್ರಿ?" ಎಂದು ಆಕೆ ಕೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಕೇಳಿಸಿಕೊಳ್ಳಬೇಕಿತ್ತು. ನಮ್ಮ ಕಡೆ ಗಂಡ ಹೆಂಡತಿ ಕೈಯಲ್ಲೊಂದು ಗಂಟಿಲ್ಲದೆ, ಬಸ್ಸಿಗೂ ಕಾಯದೆ ತವರಿನ ದಾರಿ ಹಿಡಿದರೆಂದರೆ ಅರ್ಥ ಒಂದೇ: ಅಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದಿದೆ. ಊರ ಹೊರಗೆ ಬರುವಷ್ಟರಲ್ಲಿ ಗುರುತಿನ ಇಬ್ಬರು ಮುಖ ಸಣ್ಣದು ಮಾಡಿ ಕೈಮುಗಿದರು. ಕಾರಕೂನನಿಗೆ ಜನ ಮರ್ಯಾದೆ ಕೊಡುತ್ತಾರೆಂದು ನಾನು ಹಿಗ್ಗಿದೆ. ಹಿಂದಿನಿಂದ ಬಂದ ಬಸ್ಸು ತಾನಾಗಿ ನಿಂತಿತು. "ಹತ್ರಿ ಸಾಹೇಬ್ರ, ಲಗೂನ ಮುಟ್ಟಿಸ್ತೇವಿ" ಎಂದು ಕಂಡಕ್ಟರ್ ಮೆಲ್ಲಗೆ ಹೇಳಿದ. ಒಳಗಿನ ಮುದುಕಿಯರು ಗಂಗವ್ವನನ್ನು ನೋಡಿ ಲೊಚಗುಟ್ಟಿದರು. ನಾನು ರಾಜನಂತೆ ಕೈ ಬೀಸಿ ಬಸ್ಸನ್ನು ಕಳಿಸಿದೆ.

ಹಳ್ಳ ಬಂತು, ದಾಟಿದೆವು. ಗಂಗವ್ವ ಮಾತಾಡಲಿಲ್ಲ. ಏದುಸಿರು ಬಿಡುತ್ತ ಹಿಂದೆಯೇ ಬರುತ್ತಿದ್ದಳು. ನನಗೆ ಒಳಗೊಳಗೇ ಹೆದರಿಕೆಯಾಯಿತು. ದಾರಿಯೂ ಅದೇ, ನಾವೂ ಅವರೇ, ಮಾತೇ ತೀರಿಹೋಗಿದ್ದರೆ? ಒಂದು ಹುಣಸೆಮರದ ಕೆಳಗೆ ಕುಳಿತೆವು. ಆಕೆ ಕಾಲು ಚಾಚಿ, ಸೆರಗಿನಿಂದ ಮುಖ ಒರೆಸಿಕೊಂಡು, ಎತ್ತಲೋ ನೋಡುತ್ತ ತನ್ನಷ್ಟಕ್ಕೆ ನಕ್ಕಳು. ಎದ್ದಾಗ ಹಿಂದೆ ಉಳಿಯಲಿಲ್ಲ, ಪಕ್ಕಕ್ಕೆ ಬಂದಳು. "ಏನ್ರೀ," ಎಂದಳು, "ನಿಮಗೊಂದ ಮಾತು ಹೇಳಬೇಕಂತ ಎಷ್ಟ ವರ್ಷದಿಂದ..."

ಅಷ್ಟರಲ್ಲಿ ಎದುರಿನಿಂದ ಧೂಳೆಬ್ಬಿಸಿಕೊಂಡು ಒಂದು ಚಕ್ಕಡಿ ಬಂತು. ಅದರಲ್ಲಿ ನನ್ನ ಅತ್ತೆ ಎದ್ದು ನಿಂತು ಎರಡೂ ಕೈ ಎತ್ತಿ ಕೂಗುತ್ತಿದ್ದಳು: "ಅಳಬ್ಯಾಡಬೇ ಗಂಗೀ! ನಾ ಅದೇನಿ! ನಾ ಸತ್ತಿಲ್ಲ!"

ಬಸ್ಸಿನವರು ಸುದ್ದಿ ಮುಟ್ಟಿಸಿದ್ದರು. ಮಗಳು ಬರಿಗೈಯಲ್ಲಿ ನಡೆದು ಬರುತ್ತಿದ್ದಾಳೆಂದು ಕೇಳಿ, ಸತ್ತವರು ಯಾರೆಂದು ತವರುಮನೆಯವರೇ ಗಾಬರಿಯಿಂದ ಹುಡುಕಿದ್ದರಂತೆ. ಮಲಗಿದ್ದ ಚಿಕ್ಕಪ್ಪನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರಂತೆ. ಎಲ್ಲರೂ ಇದ್ದಾರೆಂದು ಖಾತ್ರಿಯಾದ ಮೇಲೆ, ಯಾರೋ ಸುಳ್ಳು ಸುದ್ದಿ ಕಳಿಸಿರಬೇಕೆಂದು, ಮಗಳು ದಾರಿಯುದ್ದ ಅಳಬಾರದೆಂದು, ಅತ್ತೆ ಚಕ್ಕಡಿ ಹೂಡಿಸಿದ್ದಳು. ಗಂಗವ್ವ, "ಯಾರೂ ಏನೂ ಹೇಳಿ ಕಳಿಸಿಲ್ಲಬೇ. ಇವರಿಗೆ ನಡೀಬೇಕನಿಸೇತಿ, ಅಷ್ಟ" ಎಂದಳು. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿ, "ನೌಕರಿ ಸುರಳೀತ ನಡದೈತೆಲ್ರಿ?" ಎಂದು ಕೇಳಿದಳು. ಹೆಂಗಸರು ಚಕ್ಕಡಿಯ ಮುಂದೆ ಕುಳಿತರು. ನಾನು ಹಿಂದೆ ಕಾಲು ಇಳಿಬಿಟ್ಟುಕೊಂಡು ಕುಳಿತೆ.

ಮನೆಗೆ ಬಂದಮೇಲೆ, "ದಾರ್ಯಾಗ ಏನ ಹೇಳಾಕ ಹೊಂಟಿದ್ದಿ?" ಎಂದು ಕೇಳಿದೆ. "ಯಾವಾಗ? ಮರತೇ ಹೋತ್ರಿ. ನಡಿಯೂ ಮುಂದ ನೆನಪಾಗಿತ್ತು. ಮತ್ತ ನಡದ್ರ ನೆನಪಾದೀತು" ಎಂದಳು.

ಅಂದಿನಿಂದ ಸಂಜೆಯಾದರೆ ನಾವಿಬ್ಬರೂ ಹಳ್ಳದ ತನಕ ನಡೆದು ಬರುತ್ತೇವೆ. ಜನ ಗಾಬರಿಯಾಗದಿರಲೆಂದು ನನ್ನ ಕೈಯಲ್ಲೊಂದು ಗಂಟು ಇರುತ್ತದೆ, ಒಳಗೆ ನನ್ನದೇ ಹಳೆಯ ಧೋತರ. ಗಂಗವ್ವ ಕನಸು ಹೇಳುತ್ತಾಳೆ, ನೆರೆಮನೆಯವರನ್ನು ಅಣಕಿಸುತ್ತಾಳೆ, ಅದೊಂದು ಮಾತು ಮಾತ್ರ ಹೇಳಿಲ್ಲ. ಆಕೆಗೆ ಅದು ಎಂದೋ ನೆನಪಾಗಿದೆ ಎಂದು ನನ್ನ ಗುಮಾನಿ. ದಿನವೂ ಕೇಳಬೇಕೆಂದು ಬಾಯಿ ತೆರೆಯುತ್ತೇನೆ, ಕೇಳುವುದಿಲ್ಲ. ಕೇಳಿದರೆ ಹೇಳಿಬಿಟ್ಟಾಳು. ಹೇಳಿದ ಮರುದಿನ, "ಇನ್ನ ಯಾಕ್ರಿ ನಡಿಯೂದು?" ಅಂದುಬಿಟ್ಟರೆ?