ಐದು ಗಂಟೆಯ ಚಹಾ ಮಧ್ಯಾಹ್ನದ್ದೋ ಸಂಜೆಯದ್ದೋ ಎಂಬ ಬಗ್ಗೆ

ಸಮಯಪಾಲನಾ ಶಾಖೆ, ಅಲ್ ಗುಬ್ರಾ, ಮಸ್ಕತ್
ಸಂಖ್ಯೆ: ಸ.ಶಾ./ಚಹಾ/ಸೂರ್ಯ/3/2006
ದಿನಾಂಕ: 15-02-2006, ಬುಧವಾರ (ಹೊತ್ತು: ವಿವಾದದಲ್ಲಿದೆ)

ವಿಷಯ: ಮಧ್ಯಾಹ್ನ ಮುಗಿದು ಸಂಜೆ ಆರಂಭವಾಗುವ ಹೊತ್ತನ್ನು ನಿಗದಿಪಡಿಸುವ ಕುರಿತು.

ಉಲ್ಲೇಖ: 1) ಇದೇ ವಿಷಯದ ಇಂಗ್ಲಿಷ್ ಸುತ್ತೋಲೆ (ಯಾರೂ ಓದಿಲ್ಲ, ಪ್ಯಾಂಟ್ರಿಯಲ್ಲಿ ಲೋಟಗಳ ಕೆಳಗೆ ಪತ್ತೆಯಾಗಿದೆ).
2) ಪಂಪು ತಜ್ಞ ಶ್ರೀ ಸಿರಿಲ್ ಅವರ ಮೌಖಿಕ ಅಭಿಪ್ರಾಯ.

ಶಾಖೆಯ ನಿಯಮದಂತೆ ಮಧ್ಯಾಹ್ನದ ಚಹಾವನ್ನು ಮಧ್ಯಾಹ್ನವೇ ಕುಡಿಯತಕ್ಕದ್ದು. ಮನೆಯ ಕಾರ್ಯಕ್ರಮವಿದ್ದವರು ಸಂಜೆಯಾದ ಮೇಲೆ ಹೊರಡಬಹುದು. ಹೀಗಿರುವಲ್ಲಿ, ಗುಮಾಸ್ತ ಶ್ರೀ ದೇಜಪ್ಪನವರು ಕಳೆದ ವಾರ ಐದು ಗಂಟೆಗೆ ಮಧ್ಯಾಹ್ನದ ಚಹಾ ಕುಡಿದು, ಲೋಟ ಕೆಳಗಿಟ್ಟ ಕೂಡಲೇ ಸಂಜೆಯಾಯಿತೆಂದು ಹೊರಟುಹೋಗಿರುವುದು ಗಮನಕ್ಕೆ ಬಂದಿದೆ. ವಿವರಣೆ ಕೇಳಲಾಗಿ, ಸದರಿಯವರು "ಕುಡಿಲಿಕ್ಕೆ ಶುರು ಮಾಡುವಾಗ ಮಧ್ಯಾಹ್ನ ಇತ್ತು ಸಾರ್, ಮುಗಿಸುವಾಗ ಸಂಜೆ ಆಯ್ತು. ನಾನೆಂತ ಮಾಡುದು?" ಎಂದು ಹೇಳಿದ್ದಾರೆ. ಅದಕ್ಕೆ ಶಾಖಾಧಿಕಾರಿ ಶ್ರೀ ಚಲುವರಾಜು ಅವರು "ಅದೇನ್ರೀ, ಸೂರ್ಯ ನಿಮ್ಮ ಲೋಟದಲ್ಲೇ ಮುಳುಗ್ತಾನಾ?" ಎಂದು ಕೇಳಿರುತ್ತಾರೆ.

ಈ ಮಧ್ಯೆ, ಇಂಗ್ಲೆಂಡಿನಿಂದ ಪಂಪು ಪರೀಕ್ಷೆಗೆ ಬಂದಿರುವ ಶ್ರೀ ಸಿರಿಲ್ ಅವರು ಪ್ರಾರ್ಥನೆಗಾಗಿ ಮೀಟಿಂಗ್ ಕೋಣೆ ಕೇಳಿದರು. ಅವರು ಯಹೂದಿ ಧರ್ಮದವರು. (ಹೆಸರು ಕೇಳಿ ಮಂಗಳೂರಿನವರೆಂದು ತಿಳಿದು ದಿನವೂ ಕೊಂಕಣಿಯಲ್ಲಿ ಯೋಗಕ್ಷೇಮ ವಿಚಾರಿಸುತ್ತಿರುವ ಸಿಬ್ಬಂದಿ ಇನ್ನು ನಿಲ್ಲಿಸತಕ್ಕದ್ದು.) ಎಷ್ಟು ಹೊತ್ತಿಗೆ ಬೇಕೆಂದು ಕೇಳಲಾಗಿ, ಅವರು ತಮ್ಮ ಶಾಸ್ತ್ರವನ್ನು ತಿಳಿಸಿದರು. ಹಗಲನ್ನು ಹನ್ನೆರಡು ಪಾಲು ಮಾಡಿ ಒಂದೊಂದು ಪಾಲನ್ನು ಒಂದು ಗಂಟೆ ಎನ್ನುವರು. ಸೂರ್ಯಾಸ್ತಕ್ಕೆ ಮುಂಚಿನ ಒಂದೂಕಾಲು ಗಂಟೆಯನ್ನು ಮಧ್ಯಾಹ್ನದ ಪ್ರಾರ್ಥನೆಗೂ ಬಳಸಬಹುದು, ಸಂಜೆಯ ಪ್ರಾರ್ಥನೆಗೂ ಬಳಸಬಹುದು. ಆದರೆ ಒಂದೇ ದಿನ ಎರಡಕ್ಕೂ ಬಳಸುವಂತಿಲ್ಲ. ಇದನ್ನು ಕೇಳಿದ ಶಾಖಾಧಿಕಾರಿಗಳು ಸಂತೋಷದಿಂದ ಎದ್ದು ನಿಂತರು. ಈ ಲೆಕ್ಕ ಪ್ರಾರ್ಥನೆಗೆ ಮಾತ್ರ, ಚಹಾಕ್ಕಲ್ಲ ಎಂದು ಶ್ರೀ ಸಿರಿಲ್ ಅವರು ಎರಡು ಬಾರಿ ಹೇಳಿದ್ದನ್ನು ಶಾಖೆಯು ವಿನಯವೆಂದು ಪರಿಗಣಿಸಿದೆ.

ಆದುದರಿಂದ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಸದರಿ ಒಂದೂಕಾಲು ಗಂಟೆಯು ಚಹಾ ಕುಡಿದವರಿಗೆ ಮಧ್ಯಾಹ್ನ, ಹೊರಡುವವರಿಗೆ ಸಂಜೆ. ಕುಡಿದು ಹೊರಡುವವರಿಗೆ ಅಂಥ ಹೊತ್ತು ಇರುವುದಿಲ್ಲ.

2. ಕುಡಿದವರಿಗೆ, ಶ್ರೀ ಸಿರಿಲ್ ಅವರ ಶಾಸ್ತ್ರದಂತೆ, ಆಕಾಶದಲ್ಲಿ ಮೂರು ನಕ್ಷತ್ರ ಕಂಡ ನಂತರವೇ ಸಂಜೆ. ಸಮುದ್ರದ ನೀರು ಸಿಹಿ ಮಾಡುವ ಸ್ಥಾವರದ ಚಿಮಣಿಯ ಕೆಂಪು ದೀಪವಾಗಲಿ, ಸೀಬ್‌ನಲ್ಲಿ ಇಳಿಯುವ ವಿಮಾನವಾಗಲಿ ನಕ್ಷತ್ರವಲ್ಲ. ಶುಕ್ರಗ್ರಹದ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

3. ಹಮ್ರಿಯಾದಲ್ಲಿ ಸೂರ್ಯ ಗುಡ್ಡದ ಹಿಂದೆ ಬೇಗ ಮರೆಯಾಗುತ್ತಾನೆಂಬ ಕಾರಣಕ್ಕೆ ಅಲ್ಲಿನ ನಿವಾಸಿಗಳು ಬೇಗ ಹೊರಡತಕ್ಕದ್ದಲ್ಲ. ಕಚೇರಿಗೆ ಕಚೇರಿಯ ಸೂರ್ಯನೇ ಅನ್ವಯ.

4. ಬೇಸಿಗೆಯಲ್ಲಿ ಹಗಲಿನೊಂದಿಗೆ ಈ ಗಂಟೆಯೂ ಉದ್ದವಾಗುವುದರಿಂದ ಊಟದ ವಿರಾಮವೂ ಉದ್ದವಾಗಬೇಕೆಂಬ ಮನವಿ ತಲುಪಿದೆ. ಗಂಟೆಯು ಕೆಲಸಕ್ಕೆ ಮಾತ್ರ ಉದ್ದವಾಗುತ್ತದೆ.

5. ಅರ್ಧ ಲೋಟ ಕುಡಿದರೆ ಅರ್ಧ ಮಧ್ಯಾಹ್ನ ಎಂಬ ವಾದವನ್ನು ತಿರಸ್ಕರಿಸಲಾಗಿದೆ. ಬರೀ ವಾಸನೆ ನೋಡಿದ್ದನ್ನು ಮಾತ್ರ ಮನ್ನಿಸಲಾಗುವುದು. ಪ್ಯಾಂಟ್ರಿಯ ಇಸುಬು ಅವರು ಪ್ರತಿ ಲೋಟ ಕೊಡುವಾಗಲೂ "ಮಧ್ಯಾಹ್ನ" ಎಂದು ಗಟ್ಟಿಯಾಗಿ ಸಾರತಕ್ಕದ್ದು. "ಚಾ ಬಿಸಿ ಉಂಟಾ ಇಲ್ವಾ ಅಂತ ನಾನು ಹೇಳ್ಬಹುದು. ಅದರ ಹೊತ್ತು ನಂಗೆಂತ ಗೊತ್ತು ಸಾರ್?" ಎಂಬ ಅವರ ಆಕ್ಷೇಪಣೆಯನ್ನು ಕಡತದಲ್ಲಿರಿಸಲಾಗಿದೆ.

6. ಇಂದು ಐದೂವರೆಗೆ ಶ್ರೀ ದೇಜಪ್ಪನವರ ಮಗಳು ತೃಪ್ತಿಯ ಶಾಲೆಯಲ್ಲಿ ನಾಟಕವಿದ್ದು, ಆಕೆಗೆ ಸೂರ್ಯನ ಪಾತ್ರ. ಆದ್ದರಿಂದ ಚಹಾವೋ ಸಂಜೆಯೋ ಆರಿಸಿಕೊಳ್ಳಲು ಐದು ಗಂಟೆಗೆ ಸದರಿಯವರಿಗೆ ಸೂಚಿಸಲಾಯಿತು. ಏಲಕ್ಕಿ ಹಾಕಿದ ಚಹಾವಾಗಿತ್ತು. ಸದರಿಯವರು ಬಹಳ ಹೊತ್ತು ಲೋಟವನ್ನೇ ನೋಡಿ, ಅದನ್ನು ದೂರ ಸರಿಸಿ, "ಅವಳು ಮುಳುಗುವ ಮೊದ್ಲು ನಾನು ಶಾಲೆಗೆ ಮುಟ್ಬೇಕು ಮಾರಾಯ್ರೆ" ಎಂದು ಹೊರಟಿರುತ್ತಾರೆ. ಕ್ರಮಬದ್ಧವಾಗಿದೆ.

7. ಸದರಿ ಚಹಾ ವ್ಯರ್ಥವಾಗಬಾರದೆಂಬ ಏಕೈಕ ಉದ್ದೇಶದಿಂದ ಅದನ್ನು ಶಾಖಾಧಿಕಾರಿಗಳೇ ಕುಡಿದಿರುತ್ತಾರೆ. ಇಸುಬು ಅವರು ನಿಯಮ 5ರಂತೆ "ಮಧ್ಯಾಹ್ನ" ಎಂದು ಸಾರಿದ್ದು ಇಡೀ ಕಚೇರಿಗೆ ಕೇಳಿಸಿದೆ.

8. ತದನಂತರ ಶಾಖಾಧಿಕಾರಿಗಳ ಪತ್ನಿ ಶ್ರೀಮತಿ ಕಾಂತಾಮಣಿ ಅವರಿಂದ ದೂರವಾಣಿ ಕರೆ ಬಂದಿದ್ದು, "ರೀ, ಮಗಳ ನಾಟಕ ಮರೆತ್ರಾ? ಸೂರ್ಯ ಹೋದ ತಕ್ಷಣ ನಮ್ಮ ಮಾನಸ ಚಂದ್ರ ಆಗಿ ಬರೋದು. ಯಲ್ಲಾ, ಬೇಗ ಹೊರಡಿ!" ಎಂದು ತಿಳಿಸಲಾಗಿದೆ.

9. ಏನಾದರೂ ವಿನಾಯಿತಿ ಇದೆಯೇ ಎಂದು ವಿಚಾರಿಸಲು ಮೀಟಿಂಗ್ ಕೋಣೆಗೆ ಹೋಗಲಾಗಿ, ಶ್ರೀ ಸಿರಿಲ್ ಅವರು ಪ್ರಾರ್ಥನೆಯಲ್ಲಿ ನಿಂತಿದ್ದರು. ಬಾಗಿಲನ್ನು ಸದ್ದಿಲ್ಲದೆ ಮುಚ್ಚಲಾಯಿತು. ಇಷ್ಟರಲ್ಲಿ ಎಲ್ಲ ಸಿಬ್ಬಂದಿಯೂ ನಿಯಮ 1ನ್ನು, ಶಾಖೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ಓದಿ ಸಹಿ ಮಾಡಿ ಬಾಗಿಲ ಬಳಿ ನಿಂತಿದ್ದರು.

10. ನಿಯಮವು ಎಲ್ಲರಿಗೂ ಒಂದೇ.

ಸಹಿ/-
(ಚಲುವರಾಜು)
ಶಾಖಾಧಿಕಾರಿ
ಕ್ಯಾಂಪ್: ಕಚೇರಿಯ ತಾರಸಿ

ಪ್ರತಿಗಳು:
1. ಖಸಬ್ ಶಾಖೆ: ಗುಡ್ಡಗಳ ನಡುವೆ ಸೂರ್ಯನ ಸ್ಥಿತಿಗತಿ ವರದಿ ಮಾಡಲು.
2. ಶ್ರೀ ಸಿರಿಲ್: ವಂದನೆಗಳೊಂದಿಗೆ. ಚಹಾದ ಬಗ್ಗೆ ಅವರು ಹೇಳಿದ್ದು ಈಗ ಅರ್ಥವಾಗಿದೆ.
3. ಇಸುಬು, ಪ್ಯಾಂಟ್ರಿ: ಗೋಡೆಗೆ ಅಂಟಿಸಲು. ಇದರ ಮೇಲೆ ಲೋಟ ಇಡತಕ್ಕದ್ದಲ್ಲ.
4. ಶ್ರೀ ದೇಜಪ್ಪ, ಶಾಲಾ ಸಭಾಂಗಣ: ಚಂದ್ರನ ಒಂದು ಫೋಟೊ ತೆಗೆದಿರಿಸಲು. ಇದು ಆದೇಶವಲ್ಲ, ವಿನಂತಿ.
5. ಶ್ರೀಮತಿ ಕಾಂತಾಮಣಿ: ಮಾಹಿತಿಗಾಗಿ. ಈವರೆಗೆ ಎರಡು ನಕ್ಷತ್ರ ಕಂಡಿವೆ. ಮೂರನೆಯದು ಸೀಬ್‌ನಲ್ಲಿ ಇಳಿಯಿತು.